ಸಲಹಾ ಸಮಿತಿಯಲ್ಲಿ ರೋಗಿಗೂ ಒಂದು ಕುರ್ಚಿ

ಆತನಿಗೆ ಮೂವತ್ತರ ಆಸುಪಾಸು. ಪಿ.ಯು.ಸಿ. ಮುಗಿಸಿ ಊರಿನಲ್ಲಿದ್ದ ಒಂದೆಕರೆ ಜಮೀನು, ಒಂದು ಹಸು, ಉಳಿದ ದಿನ ಕೂಲಿ ಎಂದು ನಿಂತವನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎದುರಿಗೆ ಯಾರೂ ಇಲ್ಲದಿದ್ದರೂ ಮಾತಿನ ಧ್ವನಿ ಕೇಳತೊಡಗಿತು. ನೆರೆಮನೆಯವರು ತನ್ನ ಊಟಕ್ಕೆ ಮದ್ದು ಹಾಕುತ್ತಿದ್ದಾರೆಂಬ ಸಂಶಯ ಬಂತು. ರಾತ್ರಿ ನಿದ್ದೆಯಿಲ್ಲ, ಹಗಲು ಕೆಲಸವಿಲ್ಲ. ಮನೆಯವರು ಒಂದು ವರ್ಷ ಮಂತ್ರ, ತಾಯಿತ, ಹರಕೆ ಎಂದು ಅಲೆದು ಕೊನೆಗೆ ಆಸ್ಪತ್ರೆಗೆ ಕರೆತಂದರು. ಅದು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ನೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ, ಹೆಚ್ಚಾಗಿ ಹರೆಯದಲ್ಲೇ ಕಾಣಿಸಿಕೊಳ್ಳುವ ಕಾಯಿಲೆ ಇದು. ಮನೋವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ ಎರಡು ಮೂರು ತಿಂಗಳಲ್ಲಿ ಧ್ವನಿಗಳು ಅಡಗಿದವು. ಆತ ಮತ್ತೆ ಹೊಲಕ್ಕೆ ಹೋಗತೊಡಗಿದ.

ನಾಲ್ಕು ವರ್ಷ ಎಲ್ಲವೂ ಸರಿಯಿತ್ತು. ಆಮೇಲೆ ಒಂದು ದಿನ ಅವನನ್ನು ಕೈಕಟ್ಟಿ ಟೆಂಪೋದಲ್ಲಿ ತಂದರು. ಮಾತ್ರೆ ನಿಂತು ಮೂರು ತಿಂಗಳಾಗಿತ್ತು. ನಾನು ಚೀಟಿಯ ಮೇಲೆ ‘ರೋಗಿ ಚಿಕಿತ್ಸೆಗೆ ಸಹಕರಿಸುತ್ತಿಲ್ಲ’ ಎಂದು ಬರೆದೆ. ವೈದ್ಯರಾದ ನಾವು ಯೋಚಿಸದೆಯೇ ಬರೆದುಬಿಡುವ ವಾಕ್ಯ ಅದು. ಏನಮ್ಮಾ, ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಗದರಿದೆ. ಆತನ ತಾಯಿ ಹೇಳಿದ್ದು ಇಷ್ಟು:

“ಡಾಕ್ಟ್ರೇ, ನೀವು ಕೊಡೋದು ಹತ್ತು ದಿನದ ಮಾತ್ರೆ. ಮನಸ್ಸಿನ ಡಾಕ್ಟ್ರು ಬರೋದು ಶುಕ್ರವಾರ. ನಮ್ಮೂರಿಗೆ ಬಸ್ಸು ಬರೋದು ಸೋಮವಾರ, ಸಂತೆ ದಿವಸ. ಮಿಕ್ಕ ದಿನ ಟಾರು ರಸ್ತೆಗಂಟ ನಾಲ್ಕು ಮೈಲಿ ನಡೀಬೇಕು. ಅವನ ಕೂಲೀನೂ ಹೋಯ್ತದೆ, ನನ್ನ ಕೂಲೀನೂ ಹೋಯ್ತದೆ. ಅಷ್ಟು ಮಾಡಿ ಬಂದ್ರೆ ಮಾತ್ರೆ ಕೊಡೋ ಕಿಟಕೀಲಿ ‘ಹುಚ್ಚಿನ ಮಾತ್ರೆಯವರು ಆ ಕಡೆ ನಿಂತ್ಕಳಿ’ ಅಂತ ಕೂಗ್ತಾರೆ. ನಮ್ಮೂರೋರು ಅಲ್ಲೇ ನಿಂತಿರ್ತಾರೆ. ಹುಡುಗ ಇನ್ನು ಬರಾಕಿಲ್ಲ ಅಂತಾನೆ. ನಾನೇನ್ ಮಾಡ್ಲಿ ಹೇಳಿ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಕಾಯಿಲೆಯ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಮೆದುಳಿನ ರಾಸಾಯನಿಕಗಳ ವಿಷಯವಿತ್ತು, ಔಷಧದ ಪ್ರಮಾಣವಿತ್ತು. ಸೋಮವಾರದ ಬಸ್ಸಿನ ವಿಷಯವಿರಲಿಲ್ಲ. ಆದರೆ ಆತನ ಕಾಯಿಲೆ ಮರುಕಳಿಸಿದ್ದು ಆ ಬಸ್ಸಿನಿಂದ, ಆ ಕಿಟಕಿಯಿಂದ. ಇಂಥ ಸಂಗತಿಗಳು ಆಸ್ಪತ್ರೆ ನಡೆಸುವವರ ಕಿವಿಗೆ ಬೀಳುವ ಬಗೆ ಹೇಗೆ? ಒಬ್ಬ ತಾಯಿ ಒಬ್ಬ ವೈದ್ಯನೆದುರು ಅಳುವುದರಿಂದ ಆಸ್ಪತ್ರೆಯ ದಿನ ಬದಲಾಗುವುದಿಲ್ಲ. ಅದಕ್ಕೊಂದು ವ್ಯವಸ್ಥೆ ಬೇಕು. ಜಗತ್ತಿನ ಹಲವು ಕಡೆ ಆ ವ್ಯವಸ್ಥೆಗೆ ನಾಗರಿಕರ ಸಲಹಾ ಸಮಿತಿ ಎಂಬ ರೂಪ ಬಂದಿದೆ.

ಸಮಿತಿ ಏನು ಮಾಡುತ್ತದೆ?

ಹೆಸರೇ ಹೇಳುವಂತೆ ಇದು ಸಲಹೆ ಕೊಡುವ ಸಮಿತಿ. ಯಾರಿಗೆ ಯಾವ ಮಾತ್ರೆ ಕೊಡಬೇಕು, ಯಾರನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕು ಎಂಬುದು ಅದರ ಕೆಲಸವಲ್ಲ. ಅದು ವೈದ್ಯರ ಕೆಲಸ. ಸೇವೆ ಯಾವ ದಿನ, ಎಲ್ಲಿ, ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ, ಹಣ ಯಾವುದಕ್ಕೆ ಖರ್ಚಾಗಬೇಕು, ಯಾವುದಕ್ಕೆ ಆಗುತ್ತಿದೆ ಎಂಬುದನ್ನು ನೋಡಿ ಹೇಳುವುದು ಸಮಿತಿಯ ಕೆಲಸ. ಬೇರೆ ಕಾಯಿಲೆಗಳಿಗೂ ಇದು ಬೇಕು, ನಿಜ. ಆದರೆ ಮಾನಸಿಕ ಕಾಯಿಲೆಯಲ್ಲಿ ಇದರ ಅಗತ್ಯ ಹೆಚ್ಚು. ಮಂಡಿನೋವಿನವರು ಸರದಿಯಲ್ಲಿ ನಿಂತು ಜಗಳವಾಡಿಯಾದರೂ ತಮಗೆ ಬೇಕಾದ್ದನ್ನು ಪಡೆಯುತ್ತಾರೆ. ಮಾನಸಿಕ ಕಾಯಿಲೆಯವರು ಜಗಳವಾಡಿದರೆ ಅದೂ ಕಾಯಿಲೆಯ ಲಕ್ಷಣವೆಂದು ಚೀಟಿಯಲ್ಲಿ ಸೇರುತ್ತದೆ! ಅವರ ಮನೆಯವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಹೀಗೆ ದೂರು ಹೇಳುವವರೇ ಇಲ್ಲದ ಸೇವೆ ಎಷ್ಟು ಕೆಟ್ಟರೂ ಹೊರಗೆ ಗೊತ್ತಾಗುವುದಿಲ್ಲ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರು, ಹಲವು ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೀರಿ, ಚಿಕಿತ್ಸೆಯೇ ಇಲ್ಲದೆ ಇದ್ದರು. ವೈದ್ಯರು ಕಡಿಮೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ವೈದ್ಯರು ಇರುವ ಕಡೆಯೂ ಜನ ಬಾರದಿದ್ದರೆ ಕಾರಣ ಬೇರೆಯೇ ಇರಬೇಕಲ್ಲವೆ? ಅದನ್ನು ಬಾರದವರನ್ನೇ ಕೇಳಬೇಕು.

ಹಳೆಯ ಕಾಲದ ಸಂದರ್ಶಕರು

ಹೊರಗಿನವರು ಬಂದು ಮಾನಸಿಕ ಆಸ್ಪತ್ರೆಯನ್ನು ನೋಡಬೇಕು ಎಂಬ ಯೋಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಬ್ರಿಟಿಷರು 1912ರಲ್ಲಿ ಮಾಡಿದ ಹುಚ್ಚರ ಕಾಯ್ದೆಯಲ್ಲೇ ಆಸ್ಪತ್ರೆಗೆ ‘ಸಂದರ್ಶಕರು’ ಇರಬೇಕೆಂದಿತ್ತು. ಅದರ ಜಾಗದಲ್ಲಿ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ ಸಂದರ್ಶಕರ ಸಂಖ್ಯೆ ಕನಿಷ್ಠ ಐದಿರಬೇಕು, ಅವರಲ್ಲಿ ಒಬ್ಬರು ವೈದ್ಯರು, ಇಬ್ಬರು ಸಮಾಜ ಸೇವಕರು ಇರಬೇಕು, ತಿಂಗಳಿಗೊಮ್ಮೆಯಾದರೂ ಮೂವರು ಒಟ್ಟಾಗಿ ಆಸ್ಪತ್ರೆ ನೋಡಬೇಕು ಎಂದಿತು. ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಆದರೆ ಕಾಯಿಲೆ ಅನುಭವಿಸಿದವರಿಗಾಗಲೀ ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಲೀ ಅದರಲ್ಲಿ ಮೀಸಲು ಜಾಗವಿರಲಿಲ್ಲ. ದೊಡ್ಡವರು ಬರುವ ದಿನ ಹಾಸಿಗೆಗೆ ಹೊಸ ಹೊದಿಕೆ ಬೀಳುತ್ತದೆ, ನೆಲ ಫಿನಾಯಿಲಿನ ವಾಸನೆ ಹೊಡೆಯುತ್ತದೆ ಎಂಬುದು ಸರ್ಕಾರಿ ಆಸ್ಪತ್ರೆ ಬಲ್ಲವರಿಗೆಲ್ಲ ಗೊತ್ತು. ಆ ವಾರ್ಡಿನಲ್ಲಿ ಮಲಗಿ ಎದ್ದವನಿಗೆ ಮಾತ್ರ ಮಾರನೆಯ ದಿನದ ಸ್ಥಿತಿಯೂ ಗೊತ್ತು.

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿಯ ಬಗ್ಗೆ ವರದಿ ಪ್ರಕಟಿಸಿತು. ಜೈಲಿನಂಥ ಎತ್ತರದ ಗೋಡೆ, ಬೀಗ ಹಾಕಿದ ವಾರ್ಡು, ಸಾಲದ ನೀರು, ಸಾಲದ ಶೌಚಾಲಯ, ಸಾಲದ ಸಿಬ್ಬಂದಿ ಎಷ್ಟೋ ಕಡೆ ಕಂಡುಬಂದವು. ಸಂದರ್ಶಕರ ಏರ್ಪಾಡು ಕಾನೂನಿನಲ್ಲಿದ್ದಾಗಲೇ ಈ ಸ್ಥಿತಿ. ಇನ್ನು ಯಾವ ಸಂದರ್ಶಕರೂ ಕಾಲಿಡದ ಜಾಗಗಳ ಕಥೆ ಹೇಳುವುದೇ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ, ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಕೇಂದ್ರಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾರದೆ ಸತ್ತರು. ಸತ್ತವರು 28 ಮಂದಿ.

ಮನೆಯವರನ್ನು ಆಸ್ಪತ್ರೆಯೊಳಕ್ಕೆ ಬಿಟ್ಟುಕೊಳ್ಳುವುದರಲ್ಲಿ ಮಾತ್ರ ನಮ್ಮ ದೇಶ ಮುಂದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಬಂಧುಗಳನ್ನೂ ಇರಿಸಿಕೊಂಡರು. ಆ ಕಾಲಕ್ಕೆ ಅದು ಬಹು ದೊಡ್ಡ ಹೆಜ್ಜೆ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಊಟ ಮಾಡಿಸುವುದು, ಮಾತ್ರೆ ನುಂಗಿಸುವುದು, ರಾತ್ರಿ ಕಾವಲು ಕೂರುವುದು ಎಲ್ಲವೂ ಮನೆಯವರೇ. ದುಡಿಮೆಗೆ ಅವರು ಬೇಕು. ಸಭೆಗೆ ಮಾತ್ರ ಬೇಡ ಎಂದರೆ ಅದು ಯಾವ ನ್ಯಾಯ?

ಕ್ಯಾಲಿಫೋರ್ನಿಯದ ಲೆಕ್ಕಾಚಾರ

ಸಭೆಗೂ ಅವರು ಬೇಕು ಎಂದು ಕಾನೂನಿನಲ್ಲೇ ಬರೆದುಕೊಂಡ ಕಡೆ ಹೇಗೆ ನಡೆಯುತ್ತದೆ ಎಂದು ನೋಡಲು ಸ್ವಲ್ಪ ದೂರ, ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಈ ವಿಷಯಕ್ಕೆ ಚಾಲನೆ ಕೊಟ್ಟವನೇ ಒಬ್ಬ ರೋಗಿ. ಕ್ಲಿಫರ್ಡ್ ಬಿಯರ್ಸ್ ಎಂಬ ಯುವಕ ಸುಮಾರು ಮೂರು ವರ್ಷ ಮಾನಸಿಕ ಆಸ್ಪತ್ರೆಗಳಲ್ಲಿದ್ದು, ಗುಣವಾಗಿ ಹೊರಬಂದ ಮೇಲೆ ಅಲ್ಲಿ ಅನುಭವಿಸಿದ್ದನ್ನು 1908ರಲ್ಲಿ ಪುಸ್ತಕ ಮಾಡಿದ. ಮರುವರ್ಷ ವೈದ್ಯರನ್ನೂ ಸಾಮಾನ್ಯರನ್ನೂ ಸೇರಿಸಿ ರಾಷ್ಟ್ರಮಟ್ಟದ ಸಮಿತಿ ಕಟ್ಟಿದ. ಆದರೆ ರೋಗಿಗೆ ಸಮಿತಿಯಲ್ಲಿ ಹಕ್ಕಿನ ಜಾಗ ಸಿಗಲು ಇನ್ನೂ ಎಷ್ಟೋ ದಶಕಗಳು ಬೇಕಾದವು.

ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ನಡೆಸುವುದು ಕೌಂಟಿಗಳು. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಎಂದುಕೊಳ್ಳಿ, ಚುನಾಯಿತ ಆಡಳಿತ ಮಂಡಳಿಯಿರುವ ಜಿಲ್ಲೆ. ದೊಡ್ಡ ಆಸ್ಪತ್ರೆಗಳ ಬದಲು ಊರೂರಲ್ಲಿ ಸೇವೆ ಸಿಗಲೆಂದು 1957ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಆ ಸೇವೆಯ ಮೇಲೆ ಕಣ್ಣಿಡಲು ಪ್ರತಿ ಕೌಂಟಿಗೂ ಒಂದು ಮಾನಸಿಕ ಆರೋಗ್ಯ ಸಮಿತಿ. 1990ರ ದಶಕದ ಆರಂಭದಲ್ಲಿ ತಿದ್ದಿದ ಕಾನೂನು ಅದರಲ್ಲಿ ಯಾರಿರಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳಿತು. ಸಾಮಾನ್ಯವಾಗಿ 10ರಿಂದ 15 ಸದಸ್ಯರು. ಅರ್ಧದಷ್ಟು ಮಂದಿ ಸೇವೆ ಪಡೆದವರು ಅಥವಾ ಅವರ ಕುಟುಂಬದವರು. ಅದರೊಳಗೂ ಒಟ್ಟು ಸದಸ್ಯರಲ್ಲಿ ನೂರಕ್ಕೆ 20ರಷ್ಟು ಸ್ವತಃ ಸೇವೆ ಪಡೆದವರೇ, ನೂರಕ್ಕೆ 20ರಷ್ಟು ಕುಟುಂಬದವರೇ ಆಗಿರಬೇಕು. ಕೌಂಟಿಯ ಆಡಳಿತ ಮಂಡಳಿಯ ಒಬ್ಬ ಚುನಾಯಿತ ಸದಸ್ಯನೂ ಅಲ್ಲಿ ಕೂರಬೇಕು. ಈ ಕೊನೆಯದು ಬಹಳ ಜಾಣತನದ ನಿಯಮ. ಹಣ ಮಂಜೂರು ಮಾಡುವ ಕೈಯೊಂದು ರೋಗಿಯ ಪಕ್ಕದ ಕುರ್ಚಿಯಲ್ಲೇ ಇದ್ದರೆ ಮಾತು ಗಾಳಿಗೆ ಹೋಗುವುದಿಲ್ಲ.

ಈ ಸಮಿತಿ ಪ್ರತಿ ವರ್ಷ ಆಡಳಿತ ಮಂಡಳಿಗೆ ವರದಿ ಕೊಡಬೇಕು. ಕೌಂಟಿಯ ಮಾನಸಿಕ ಆರೋಗ್ಯ ನಿರ್ದೇಶಕರ ಹುದ್ದೆಗೆ ಜನರನ್ನು ಆರಿಸುವಾಗ ಸಮಿತಿಯ ಅಭಿಪ್ರಾಯವನ್ನೂ ಕೇಳಬೇಕು. 2004ರಲ್ಲಿ ಅಲ್ಲಿನ ಮತದಾರರು ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಆದಾಯವಿರುವವರ ಮೇಲೆ, ಆ ಹೆಚ್ಚಿನ ಭಾಗಕ್ಕೆ ನೂರಕ್ಕೆ ಒಂದರಂತೆ ತೆರಿಗೆ ಹಾಕಿ ಅದನ್ನು ಮಾನಸಿಕ ಆರೋಗ್ಯಕ್ಕೇ ಮೀಸಲಿಡಲು ಒಪ್ಪಿದರು. ಆ ಹಣವನ್ನು ಹೇಗೆ ಖರ್ಚು ಮಾಡುತ್ತೇವೆಂಬ ಯೋಜನೆಯ ಕರಡನ್ನು ಕೌಂಟಿಯು 30 ದಿನ ಸಾರ್ವಜನಿಕರ ಮುಂದಿಡಬೇಕು, ನಂತರ ಈ ಸಮಿತಿಯೇ ಬಹಿರಂಗ ಸಭೆ ನಡೆಸಬೇಕು ಎಂಬ ನಿಯಮವೂ ಜೊತೆಗೇ ಬಂತು. 2024ರಲ್ಲಿ ಮತದಾರರು ಮತ್ತೆ ಒಪ್ಪಿಗೆ ಕೊಟ್ಟು ಈ ಕಾನೂನನ್ನು ಬದಲಿಸಿದ್ದಾರೆ. ಮಾದಕ ವ್ಯಸನದ ಚಿಕಿತ್ಸೆಯೂ ಅದರೊಳಗೆ ಸೇರಿದೆ.

ಇಡೀ ಅಮೆರಿಕಕ್ಕೆ ಅನ್ವಯಿಸುವ ನಿಯಮವೂ ಒಂದಿದೆ. ಕೇಂದ್ರದಿಂದ ಮಾನಸಿಕ ಆರೋಗ್ಯಕ್ಕೆ ಅನುದಾನ ಪಡೆಯುವ ಪ್ರತಿ ರಾಜ್ಯವೂ ಒಂದು ಯೋಜನಾ ಸಮಿತಿ ಇಟ್ಟುಕೊಂಡಿರಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸರ್ಕಾರಿ ನೌಕರರೂ ಅಲ್ಲದ, ಸೇವೆ ಕೊಡುವವರೂ ಅಲ್ಲದ ಜನರಾಗಿರಬೇಕು. ಸಮಿತಿಯಿಲ್ಲದೆ ಹಣವಿಲ್ಲ. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯದ ದೊಡ್ಡ ನಗರಗಳ ರಸ್ತೆ ಬದಿಯಲ್ಲಿ ಮಾನಸಿಕ ಕಾಯಿಲೆಯವರು ಮಲಗಿರುವುದನ್ನು ಅಲ್ಲಿಗೆ ಮಕ್ಕಳನ್ನು ನೋಡಲು ಹೋಗಿಬಂದ ನಮ್ಮವರು ಹೇಳುತ್ತಾರೆ. ಸಲಹೆ ಸಲಹೆಯೇ, ಅದರಿಂದ ಮನೆ ಕಟ್ಟಲಾಗುವುದಿಲ್ಲ. ಆದರೆ ಯಾರ ಮಾತು ಕೇಳಬೇಕೆಂಬುದು ಅಲ್ಲಿ ಅಧಿಕಾರಿಯ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

ಅಂಗವೈಕಲ್ಯವುಳ್ಳವರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ತಕ್ಕಂತೆ 1987ರ ಕಾನೂನನ್ನು ತೆಗೆದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಬಂತು. 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದ, ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟ ಕಾಯ್ದೆ ಇದು. ಪತ್ರಿಕೆಗಳಲ್ಲಿ ಈ ಅಂಶಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಕುರ್ಚಿಗಳ ವಿಷಯ ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಈ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇರಬೇಕು. ಆರೋಗ್ಯ ಇಲಾಖೆಯ ಕಾರ್ಯದರ್ಶಿ ಅದರ ಅಧ್ಯಕ್ಷರು. ಅಧಿಕಾರಿಗಳು, ಮನೋವೈದ್ಯರು, ಮನಃಶಾಸ್ತ್ರಜ್ಞರು, ದಾದಿಯರ ಜೊತೆಗೆ ಮಾನಸಿಕ ಕಾಯಿಲೆ ಇರುವ ಅಥವಾ ಇದ್ದವರ ಪರವಾಗಿ ಇಬ್ಬರು, ನೋಡಿಕೊಳ್ಳುವ ಮನೆಯವರ ಪರವಾಗಿ ಇಬ್ಬರು, ಸ್ವಯಂಸೇವಾ ಸಂಸ್ಥೆಗಳ ಪರವಾಗಿ ಇಬ್ಬರು ಇರಲೇಬೇಕು. ಆಸ್ಪತ್ರೆಗಳ ನೋಂದಣಿ, ಸೇವೆಯ ಗುಣಮಟ್ಟ ಹೇಗಿರಬೇಕೆಂಬ ನಿಯಮ, ಲೋಪಗಳ ಬಗ್ಗೆ ದೂರು, ಇವೆಲ್ಲ ಈ ಪ್ರಾಧಿಕಾರಕ್ಕೆ ಸೇರಿದ ವಿಷಯಗಳು.

ಇದಲ್ಲದೆ ಜಿಲ್ಲೆಗೆ, ಅಥವಾ ಕೆಲವು ಜಿಲ್ಲೆಗಳ ಗುಂಪಿಗೆ ಒಂದರಂತೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ. ಇದು ಸಲಹಾ ಸಮಿತಿಯಲ್ಲ, ತೀರ್ಪು ಕೊಡುವ ಮಂಡಳಿ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು, ಜಿಲ್ಲಾಧಿಕಾರಿಯ ಪ್ರತಿನಿಧಿ ಒಬ್ಬರು, ವೈದ್ಯರು ಇಬ್ಬರು. ಉಳಿದ ಎರಡು ಕುರ್ಚಿ ಕಾಯಿಲೆ ಅನುಭವಿಸಿದವರಿಗೆ, ನೋಡಿಕೊಳ್ಳುವವರಿಗೆ ಅಥವಾ ಅವರ ಸಂಘ ಸಂಸ್ಥೆಗಳವರಿಗೆ. ಒಂದು ಕಾಲದಲ್ಲಿ ‘ಬುದ್ಧಿ ಸ್ವಾಧೀನದಲ್ಲಿಲ್ಲದವನು’ ಎಂದು ಸಾಕ್ಷಿ ಹೇಳಲೂ ಬಿಡದಿದ್ದ ವ್ಯಕ್ತಿ ಈಗ ನ್ಯಾಯಾಧೀಶರ ಪಕ್ಕ ಕೂರಬಹುದು. ನನ್ನ ಮಟ್ಟಿಗೆ ಇದು ಆ ಕಾಯ್ದೆಯ ಅತಿ ದೊಡ್ಡ ಮಾತು.

ಕೆಳಗಿನ ಮಟ್ಟದಲ್ಲಿ ನಮಗೆ ಸಮಿತಿಗಳಿಗೇನೂ ಬರವಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಾದವು, ಹಳ್ಳಿಗಳಿಗೆ ಗ್ರಾಮ ಆರೋಗ್ಯ ಸಮಿತಿಗಳಾದವು. ಮಾನಸಿಕ ಆರೋಗ್ಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಹೆಸರೂ ಇದೆ. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ, ಮುಂದೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟಿತು. ಬಳ್ಳಾರಿಯ ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನನ್ನಂಥ ಎಂ.ಬಿ.ಬಿ.ಎಸ್. ವೈದ್ಯರು ಇಂದು ಖಿನ್ನತೆಗೆ ಮಾತ್ರೆ ಬರೆಯುತ್ತಿದ್ದರೆ ಅದರ ಹಿಂದೆ ಆ ಕೆಲಸವಿದೆ. ಹೀಗೆ ವೈದ್ಯರೂ ಉಂಟು, ಮಾತ್ರೆಯೂ ಉಂಟು, ಸಮಿತಿಯೂ ಉಂಟು. ಸಮಿತಿಯ ಸಭೆಯಲ್ಲಿ ಮಾನಸಿಕ ಆರೋಗ್ಯದ ಮಾತು ಮಾತ್ರ ನನ್ನ ಅನುಭವದಲ್ಲಿ ಅಪರೂಪ. ಕಾಂಪೌಂಡಿನ ಬಣ್ಣ, ನೀರಿನ ಮೋಟಾರು, ಜನರೇಟರಿನ ಡೀಸೆಲ್ ಇವುಗಳಲ್ಲೇ ಹೊತ್ತು ಮುಗಿದು ಕಾಫಿ ಬಂದುಬಿಡುತ್ತದೆ.

ಒಂದು ಸಭೆಯಲ್ಲಿ ನಡೆದದ್ದು

ಮೊದಲು ಹೇಳಿದ ತಾಯಿಯನ್ನು ಅಂಥದೊಂದು ಸಮಿತಿಗೆ ವಿಶೇಷ ಆಹ್ವಾನಿತರೆಂದು ಕರೆಸೋಣವೆಂದು ನಾನು ಸೂಚಿಸಿದೆ. ಒಬ್ಬ ಸದಸ್ಯರು, ‘ಪಾಪ, ಓದು ಬರಹ ಬಾರದವರು, ಅವರೇನು ಮಾತಾಡುತ್ತಾರೆ?’ ಎಂದರು. ಆಕೆ ಮೊದಲ ಸಭೆಯಲ್ಲಿ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಒಂದೂ ಮಾತಾಡಲಿಲ್ಲ. ಎರಡನೆಯ ಸಭೆಗೆ ಇನ್ನೊಬ್ಬ ರೋಗಿಯ ಅಣ್ಣನನ್ನೂ ಕರೆಸಿದೆವು. ಅವರಿಬ್ಬರೂ ಪಕ್ಕ ಪಕ್ಕ ಕುಳಿತ ಮೇಲೆ ಮಾತು ಬಂತು. ಒಬ್ಬಂಟಿ ಪ್ರತಿನಿಧಿಯ ನಾಲಿಗೆ ಏಳುವುದಿಲ್ಲ ಎಂಬುದನ್ನು ನಾನು ಆವತ್ತು ಕಲಿತೆ. ಕಾನೂನು ಇಬ್ಬಿಬ್ಬರು ಎಂದು ಬರೆದಿರುವುದು ಸುಮ್ಮನೆ ಅಲ್ಲವೇನೋ.

ಅವರು ಕೇಳಿದ್ದು ಮೂರೇ. ಒಂದು ತಿಂಗಳ ಮಾತ್ರೆ ಒಮ್ಮೆಗೇ ಕೊಡುವುದು. ಅದು ಒಂದು ವಾರದಲ್ಲಿ ಆಯಿತು, ಏಕೆಂದರೆ ಹತ್ತು ದಿನಕ್ಕೇ ಕೊಡಬೇಕೆಂಬ ಆದೇಶ ಎಲ್ಲೂ ಇರಲಿಲ್ಲ. ಯಾವಾಗಲೋ ದಾಸ್ತಾನು ಕಡಿಮೆಯಿದ್ದಾಗ ಶುರುವಾದ ಪದ್ಧತಿ ಹಾಗೇ ಉಳಿದುಕೊಂಡಿತ್ತು! ಕಿಟಕಿಯಲ್ಲಿ ಕೂಗುವುದನ್ನು ನಿಲ್ಲಿಸಿ ಎಲ್ಲರಿಗೂ ಒಂದೇ ಸರದಿ, ಒಂದೇ ಟೋಕನ್ ಮಾಡಲು ಖರ್ಚೇ ಆಗಲಿಲ್ಲ. ಮನೋವೈದ್ಯರು ಬರುವ ದಿನವನ್ನು ಶುಕ್ರವಾರದಿಂದ ಸೋಮವಾರಕ್ಕೆ ತರಲು ಮಾತ್ರ ಏಳು ತಿಂಗಳು ಹಿಡಿಯಿತು. ಆ ವೈದ್ಯರು ಬೇರೆ ಕಡೆಗೂ ಹೋಗಬೇಕಿತ್ತು, ಪತ್ರಗಳು ಓಡಾಡಬೇಕಿತ್ತು. ಸೋಮವಾರವಾದ ಮೇಲೆ ಸಂತೆಯ ಚೀಲ ಹಿಡಿದುಕೊಂಡೇ ಜನ ಬರತೊಡಗಿದರು. ಆಸ್ಪತ್ರೆಗೆ ಬಂದದ್ದೋ ಸಂತೆಗೆ ಬಂದದ್ದೋ ನೋಡುವವರಿಗೆ ಗೊತ್ತಾಗುವುದಿಲ್ಲ. ಇದೊಂದು ಅನುಕೂಲ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಎರಡು ವರ್ಷದ ನಂತರ ಹೊಸ ಸದಸ್ಯರು ಬಂದರು. ವಿಶೇಷ ಆಹ್ವಾನಿತರಿಗೆ ಸಭೆಯ ಸೂಚನೆ ಹೋಗುವುದು ನಿಂತಿತು. ಹಾಜರಿ ಪುಸ್ತಕಕ್ಕೆ ಮಾತ್ರ ಒಬ್ಬ ನೌಕರ ಅವರ ಮನೆಗೇ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿದ್ದ. ನಾನೂ ಆ ದಿನಗಳಲ್ಲಿ ಗಮನಿಸಲಿಲ್ಲ. ಒಂದು ಮಳೆಗಾಲದಲ್ಲಿ ಮುಖ್ಯವಾದ ಮಾತ್ರೆಯೊಂದರ ದಾಸ್ತಾನು ಆರು ವಾರ ಇರಲಿಲ್ಲ. ಸಭೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಎತ್ತಬೇಕಾದವರು ಸಭೆಯಲ್ಲಿರಲಿಲ್ಲ. ಆ ಆರು ವಾರದಲ್ಲಿ ಕಾಯಿಲೆ ಮರುಕಳಿಸಿದವರಲ್ಲಿ ಒಬ್ಬ ಹೆಂಗಸು ಮನೆ ಬಿಟ್ಟು ಹೋದಳು. ಇನ್ನೂ ಸಿಕ್ಕಿಲ್ಲ.

ತಾಯಿಯ ಮಾತು, ಮಗನ ಮಾತು

ಮನೆಯವರನ್ನು ಕರೆದರೆ ರೋಗಿಯನ್ನು ಕರೆದಂತೆಯೇ ಎಂದು ಹಲವರು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಈಚೆಗೆ ಒಂದು ಸಭೆಗೆ ಆ ಯುವಕ ತಾನೇ ಬಂದ. ತಾಯಿ ಮಾತು ಮುಗಿಸಿದ ಮೇಲೆ, “ಅಮ್ಮ ಹೇಳಿದ್ದು ಸರಿ ಸಾರ್, ಆದ್ರೆ ಅಷ್ಟೇ ಅಲ್ಲ” ಎಂದ. “ಮಾತ್ರೆ ತಕ್ಕಂಡ್ರೆ ಕೈ ನಡುಗ್ತದೆ, ಹಾಲು ಕರೆಯಾಕಾಗಲ್ಲ. ಬೆಳಿಗ್ಗೆ ಎಚ್ಚರ ಆಗಲ್ಲ, ಡೈರಿಗೆ ಹಾಲು ಹಾಕೋ ಹೊತ್ತು ಮೀರೋಯ್ತದೆ. ಅದಕ್ಕೂ ಒಂದೊಂದು ಸಲ ಬಿಟ್ಟಿದ್ದೆ. ಅಮ್ಮಂಗೆ ಹೇಳಿರಲಿಲ್ಲ.” ಕೈ ನಡುಕ ಈ ಔಷಧಗಳ ಗೊತ್ತಿರುವ ಅಡ್ಡಪರಿಣಾಮ. ಅದಕ್ಕೆ ಬೇರೆ ಮಾತ್ರೆಯುಂಟು, ಪ್ರಮಾಣ ತಗ್ಗಿಸಬಹುದು, ಔಷಧವನ್ನೇ ಬದಲಿಸಬಹುದು. ಮನೋವೈದ್ಯರು ಪ್ರಮಾಣ ತಗ್ಗಿಸಿ, ಮಾತ್ರೆಯನ್ನು ರಾತ್ರಿ ಬೇಗನೆ ನುಂಗುವಂತೆ ಹೇಳಿದರು. ಬಂದವರನ್ನೆಲ್ಲ ಕೈ ಚಾಚಿಸಿ ನಡುಕ ನೋಡುವುದನ್ನೂ ಶುರುಮಾಡಿದೆವು. ಅದೇನೂ ಹೊಸ ವಿದ್ಯೆಯಲ್ಲ, ನಮಗೆ ಕಲಿಸಿದ್ದೇ.

ತಾಯಿಗೆ ಬೇಕಾದದ್ದು ಮಗ ಮಾತ್ರೆ ಬಿಡಬಾರದು, ಜಗಳವಾಡಬಾರದು. ಮಗನಿಗೆ ಬೇಕಾದದ್ದು ಹಾಲು ಕರೆಯುವ ಕೈ. ಕೆಲವು ವೇಳೆ ಈ ಅಂತರ ಇನ್ನೂ ದೊಡ್ಡದು. ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ ಎಂದು ಮನೆಯವರು, ಬಿಡಿ ನಾನು ಹೋಗುತ್ತೇನೆ ಎಂದು ರೋಗಿ. 2017ರ ಕಾಯ್ದೆಯ ಕರಡಿನ ಮೇಲೆ ಚರ್ಚೆ ನಡೆದಾಗಲೂ ಕುಟುಂಬದವರ ಸಂಘಗಳು ಮತ್ತು ಕಾಯಿಲೆ ಅನುಭವಿಸಿದವರ ಸಂಘಗಳು ಕೆಲವು ವಿಷಯಗಳಲ್ಲಿ ಎದುರುಬದುರು ನಿಂತಿದ್ದವು. ಎರಡು ಕಡೆಯವರದೂ ಕಷ್ಟವೇ. ಅದಕ್ಕೇ ಕ್ಯಾಲಿಫೋರ್ನಿಯದಲ್ಲೂ ನಮ್ಮ ರಾಜ್ಯ ಪ್ರಾಧಿಕಾರದಲ್ಲೂ ಅವರಿಗೆ ಬೇರೆ ಬೇರೆ ಕುರ್ಚಿ.

ಕುರ್ಚಿ ಹಾಕಿದ ಮಾತ್ರಕ್ಕೆ ಕೆಲಸವಾಗದು ಎಂದು ಈಗಾಗಲೇ ಹೇಳಿದೆ. ಸಭೆಯ ವಿಷಯಪಟ್ಟಿ ಕನ್ನಡದಲ್ಲಿ, ಒಂದು ವಾರ ಮುಂಚೆ ಕೈಸೇರಬೇಕು. ಕೂಲಿ ಬಿಟ್ಟು ಬರುವವರಿಗೆ ಬಸ್ ಚಾರ್ಜೂ ಆ ದಿನದ ಕೂಲಿಯೂ ಸಿಗಬೇಕು. ಅಧಿಕಾರಿಗೆ ಪ್ರಯಾಣ ಭತ್ಯೆ ಕೊಡುವಾಗ ಇಲ್ಲದ ಸಂಕೋಚ ಇಲ್ಲೇಕೆ? ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ಸಭೆಯಲ್ಲಿ ಹೇಳಿದ್ದಕ್ಕೆ ಏನು ಮಾಡಲಾಯಿತು, ಆಗದಿದ್ದರೆ ಏಕೆ ಆಗಲಿಲ್ಲ ಎಂದು ಮುಂದಿನ ಸಭೆಯಲ್ಲಿ ಬರಹದಲ್ಲಿ ಉತ್ತರ ಕೊಡಬೇಕು. ಉತ್ತರ ಬಾರದ ಸಲಹೆಯನ್ನು ಯಾರೂ ಮೂರನೆಯ ಬಾರಿ ಕೊಡುವುದಿಲ್ಲ. ಇನ್ನೊಂದು ಎಚ್ಚರ: ಸಭೆಯಲ್ಲಿ ಸೇವೆಯ ಮಾತಾಗಬೇಕೇ ಹೊರತು ಯಾವ ರೋಗಿಯ ಹೆಸರೂ ಕಾಯಿಲೆಯೂ ಬರಕೂಡದು. ಊರು ಚಿಕ್ಕದು, ಹೆಣ್ಣು ಗಂಡು ಕೊಟ್ಟು ತರುವ ಮನೆಗಳು.

ಓದುಗರು ಮಾಡಬಹುದಾದದ್ದು

ನಿಮ್ಮ ಮನೆಯಲ್ಲಿ ಮಾನಸಿಕ ಕಾಯಿಲೆಯವರಿದ್ದರೆ ಕೆಲವು ವಿಷಯ ತಿಳಿದಿರಲಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕೆಂದು ಕಾಯ್ದೆ ಹೇಳುತ್ತದೆ. ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದರೆ ಅದು ಸೇವೆಯ ಲೋಪ. ಮೊದಲು ಆಸ್ಪತ್ರೆಯ ವೈದ್ಯಾಧಿಕಾರಿಗೆ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ. ಪರಿಹಾರವಾಗದಿದ್ದರೆ ಪರಿಶೀಲನಾ ಮಂಡಳಿಗೆ, ಅಲ್ಲಿಂದಲೂ ಆಗದಿದ್ದರೆ ರಾಜ್ಯ ಪ್ರಾಧಿಕಾರಕ್ಕೆ ಹೋಗಬಹುದು. ಮಂಡಳಿಗೆ ಅರ್ಜಿ ಹಾಕಲು ಶುಲ್ಕವಿಲ್ಲ. ವಿಶೇಷ ಸಂದರ್ಭಗಳಲ್ಲಿ ಬಾಯಿಮಾತಿನಲ್ಲೋ ದೂರವಾಣಿಯಲ್ಲೋ ಹೇಳಿದರೂ ಅದು ಸ್ವೀಕರಿಸಬಹುದು. ಮನಸ್ಸಿನ ತೊಂದರೆಗೆ ಕೂಡಲೇ ಸಲಹೆ ಬೇಕಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ತಾಲ್ಲೂಕಿನ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಹೋದ ಸಭೆ ಯಾವಾಗ ಆಯಿತು, ಮಾನಸಿಕ ಆರೋಗ್ಯದ ವಿಷಯ ಬಂದಿತೇ ಎಂದು ಆಡಳಿತ ವೈದ್ಯಾಧಿಕಾರಿಯನ್ನು ಕೇಳಿ. ಬಾಯಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕೊಟ್ಟು ಕೇಳಿ. ನಮ್ಮಲ್ಲಿ ಈಗ ಆ ತಾಯಿ ಮಗ ಇಬ್ಬರಿಗೂ ಬೇರೆ ಬೇರೆ ಸೂಚನಾ ಪತ್ರ ಹೋಗುತ್ತದೆ. ತಲುಪಿತೇ ಎಂದು ಸಭೆಗೆ ಎರಡು ದಿನ ಮುಂಚೆ ನಾನು ಫೋನು ಮಾಡಿ ವಿಚಾರಿಸುತ್ತೇನೆ. ಸಭೆಯನ್ನೂ ಸೋಮವಾರಕ್ಕೇ ಇಟ್ಟಿದ್ದೇವೆ, ಬಸ್ಸಿನ ಸಲುವಾಗಿ.